‘ಸೇವೆಯ ಮುಖವಾಡ’ದ ಲೇಖಕರಿಗೆ

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಸಮಾಜದ ಒಳಿತಿಗೆಂದು ಹುಟ್ಟುವ ಉದ್ದಿಮೆಗಳು ಬಡವರನ್ನೇ ಸುಲಿಯುತ್ತವೆ ಎನ್ನುವುದು ನಿಮ್ಮ ವಾದ. ಸಿಟ್ಟು ಪ್ರಾಮಾಣಿಕವಾಗಿದೆ, ಆದರೆ ಈ ರೂಪದಲ್ಲಿ ಪ್ರಕಟಿಸಲಾರೆ. ಆರು ಪುಟಗಳಲ್ಲಿ ‘ಸಬಲೀಕರಣ’ ಹನ್ನೊಂದು ಸಲ ಬಂದಿದೆ. ನಷ್ಟ ಅನುಭವಿಸಿದ ಒಬ್ಬ ಮನುಷ್ಯನೂ ಬಂದಿಲ್ಲ.

ನಿಮ್ಮ ಕಣ್ಣಿಗೆ ಇಂಥ ಉದ್ದಿಮೆ ನಡೆಸುವವರೆಲ್ಲ ಕಳ್ಳರು. ಕಳ್ಳರನ್ನು ಬೈಯಲು ಯಾರಿಗೂ ಕಷ್ಟವಿಲ್ಲ. ಮೂರನೆಯ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿಬಿಟ್ಟ ಪ್ಲೇಪಂಪ್ ಕಥೆಗೆ ಹಿಂತಿರುಗಿ. ಆಫ್ರಿಕಾದ ಹಳ್ಳಿಗಳಲ್ಲಿ ಮಕ್ಕಳು ಆಟದ ಚಕ್ರವನ್ನು ಗಿರಗಿರ ತಿರುಗಿಸಿದರೆ ಕೊಳವೆಬಾವಿಯ ನೀರು ಮೇಲಿನ ತೊಟ್ಟಿಗೆ ಏರಬೇಕು, ತೊಟ್ಟಿಗೆ ಅಂಟಿಸಿದ ಜಾಹೀರಾತಿನ ಹಣದಲ್ಲಿ ರಿಪೇರಿ ಆಗಬೇಕು. ಇದಕ್ಕೆ 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಗುರಿಯಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ತೆಗೆಯಿತು! ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಆ ಕಬ್ಬಿಣದ ಚಕ್ರವನ್ನು ತಳ್ಳಬೇಕಿತ್ತು. ಕೆಲವೆಡೆ ಚೆನ್ನಾಗಿಯೇ ನಡೆಯುತ್ತಿದ್ದ ಕೈಪಂಪನ್ನು ಕಿತ್ತು ಇದನ್ನು ಕೂರಿಸಿದ್ದರು.

ಇದರಲ್ಲಿ ಕಳ್ಳನನ್ನು ಹುಡುಕಿದರೆ ಸಿಗುವುದಿಲ್ಲ. ದುಡ್ಡು ಕೊಟ್ಟವರು ಒಬ್ಬರು, ನೀರು ಹಿಡಿಯುವವರು ಇನ್ನೊಬ್ಬರು. ಅಂಗಡಿಯ ಸಾಮಾನು ಹಿಡಿಸದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಲ್ಲಿ ಗಿರಾಕಿಯೇ ದಾನಿ; ಅವನಿಗೆ ನಗುವ ಮಕ್ಕಳ ಫೋಟೊ ಸಿಕ್ಕಿತು, ವ್ಯಾಪಾರ ಮುಗಿಯಿತು. ಆ ಹೆಂಗಸು ಚಕ್ರವನ್ನು ಯಾರಿಗೆ ವಾಪಸು ಕೊಡಬೇಕು? ಲೇಖನ ಅವಳಿಂದಲೇ ಶುರುವಾಗಲಿ.

ಕಿರುಸಾಲದ, ಅಂದರೆ ಬಡವರಿಗೆ ಕೊಡುವ ಸಣ್ಣ ಸಾಲದ ಭಾಗ ಇರಲಿ; ಬಾಂಗ್ಲಾದೇಶದಲ್ಲಿ ಗ್ರಾಮೀಣ ಬ್ಯಾಂಕ್ ಕಟ್ಟಿ ಇಂಥ ಸಾಲವನ್ನು ಹೆಸರುವಾಸಿ ಮಾಡಿದ ಮುಹಮ್ಮದ್ ಯೂನುಸ್ ಅವರನ್ನು ಬೈದ ಪ್ಯಾರಾ ಬೇಡ. ಕಿರುಸಾಲದ ಸಂಸ್ಥೆಗಳು ಷೇರು ಮಾರುಕಟ್ಟೆಗೆ ಇಳಿದು ಲಾಭಕ್ಕೆ ಬಿದ್ದಾಗ ಬಹಿರಂಗವಾಗಿ ಆಕ್ಷೇಪಿಸಿದವರು ಅವರೇ. ಅದರ ಬದಲು ಗುಂಪು ಸಾಲ ಹೇಗೆ ನಡೆಯುತ್ತದೆಂದು ಬಿಡಿಸಿ ಬರೆಯಿರಿ: ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು, ಹಾಗಾಗಿ ವಸೂಲಿಗೆ ಬಂದು ಬಾಗಿಲು ಬಡಿಯುವವಳು ಪಕ್ಕದ ಮನೆಯ ಗೆಳತಿಯೇ ಆಗಿರುತ್ತಾಳೆ. ಆಂಧ್ರಪ್ರದೇಶ ಸರ್ಕಾರ 2010ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ತಂದದ್ದು ಇಂಥ ವಸೂಲಿಯ ಕಾಟಕ್ಕೇ. ನಿಮ್ಮಲ್ಲಿ ಅದರ ಪ್ರಸ್ತಾಪವೇ ಇಲ್ಲ, ಆಶ್ಚರ್ಯ.

‘ಎಲ್ಲರೂ ಎಚ್ಚೆತ್ತುಕೊಳ್ಳಬೇಕು’ ಎಂಬ ಕೊನೆಯ ಪ್ಯಾರಾವನ್ನು ನಾನೇ ಹೊಡೆದುಹಾಕಿದ್ದೇನೆ. ಸಾವಿರ ಪದ ಸಾಕು. ತಿದ್ದಿ ಬರೆದು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

— ಸಂಪಾದಕ