ಜೀನ್ ಟೆಸ್ಟ್‌ನಲ್ಲಿ ಅಮೈಲೇಸ್ ಕಮ್ಮಿ ಅಂತ ಬಂದಿದೆ, ಅನ್ನ ಬಿಟ್ಟರೆ ತೂಕ ಇಳಿಯುತ್ತಾ?

ಅಯ್ಯೋ, ಇದೇ ರಿಪೋರ್ಟ್ ಹಿಡಿದುಕೊಂಡು ನಾನೂ ಕೂತಿದ್ದೆ. ಎಎಂವೈ1 ಜೀನ್‌ನ ಪ್ರತಿಗಳು ಮೂರೇ ಮೂರು ಅಂತ ಬರೆದಿತ್ತು. ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವ ತಯಾರಾಗುವುದು ಈ ಜೀನ್‌ನಿಂದ. ಕೆಲವರಲ್ಲಿ ಎರಡೇ ಪ್ರತಿ, ಕೆಲವರಲ್ಲಿ ಹತ್ತಕ್ಕೂ ಜಾಸ್ತಿ. ನೆಟ್‌ನಲ್ಲಿ ಹುಡುಕಿದರೆ 2014ರ ಅಧ್ಯಯನ ಸಿಕ್ಕಿತು: ನಾಲ್ಕಕ್ಕಿಂತ ಕಮ್ಮಿ ಪ್ರತಿ ಇದ್ದವರಿಗೆ, ಒಂಬತ್ತಕ್ಕಿಂತ ಜಾಸ್ತಿ ಇದ್ದವರಿಗಿಂತ ಬೊಜ್ಜಿನ ಅಪಾಯ ಸುಮಾರು ಎಂಟು ಪಟ್ಟು. ಮುಗೀತು. ಅವತ್ತು ರಾತ್ರಿಯಿಂದಲೇ ಅನ್ನ, ಮುದ್ದೆ, ಚಪಾತಿ ಎಲ್ಲ ಬಂದ್.

ನನ್ನ ಹೆಂಡತಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಾ ರೀ, ಅರಗಿಸೋದು ಕಮ್ಮಿ ಅಂದ್ರೆ ಸಣ್ಣ ಆಗ್ಬೇಕಲ್ವಾ, ದಪ್ಪ ಹೇಗ್ ಆಗ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ರೇಗಿದೆ.

ನನ್ನ ತಪ್ಪು ಅನ್ನ ಬಿಟ್ಟಿದ್ದಲ್ಲ. ಶತ್ರು ಪಿಷ್ಟ ಒಂದೇ ಅಂದುಕೊಂಡು, ಉಳಿದಿದ್ದಕ್ಕೆಲ್ಲ ಲೆಕ್ಕ ಬಿಟ್ಟಿದ್ದು. ಹಸಿವಾದಾಗಲೆಲ್ಲ ಹುರಿದ ಕಡಲೆಕಾಯಿ ಬೀಜ. ಮಧ್ಯಾಹ್ನ ತುಪ್ಪದಲ್ಲಿ ಹುರಿದ ಪನೀರ್. ಸಂಜೆ ಗೋಡಂಬಿ. ಇದರಲ್ಲೆಲ್ಲ ಪಿಷ್ಟ ಕಮ್ಮಿ ತಾನೇ, ನನ್ನ ಜೀನ್‌ಗೆ ತೊಂದರೆ ಇಲ್ಲ ಅನ್ನೋ ಧೈರ್ಯ. ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಅಷ್ಟೇ ಕಡಲೆಕಾಯಿ ಬೀಜದಲ್ಲಿ 560ಕ್ಕೂ ಮೇಲೆ. ಈ ಲೆಕ್ಕ ಹಾಕಲು ನನಗೆ ಆರು ತಿಂಗಳು ಬೇಕಾಯಿತು. ಅಷ್ಟರಲ್ಲಿ 84 ಇದ್ದವನು 89 ಕೆಜಿ ಆಗಿದ್ದೆ. ಮೊದಲ ಎರಡು ವಾರ ಎರಡು ಕೆಜಿ ಇಳಿದಿತ್ತು, ಅದೇ ನನ್ನನ್ನು ಕೆಡಿಸಿದ್ದು. ಆಮೇಲೆ ತಕ್ಕಡಿ ಹತ್ತುವುದನ್ನೇ ಬಿಟ್ಟಿದ್ದೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. 2015ರಲ್ಲಿ ಬೇರೆ ತಂಡದವರು ಇನ್ನೂ ನಿಖರವಾದ ವಿಧಾನದಲ್ಲಿ ಸಾವಿರಾರು ಜನರ ಪ್ರತಿಗಳನ್ನು ಎಣಿಸಿದ್ದರು. ಬೊಜ್ಜಿಗೂ ಪ್ರತಿಗಳ ಸಂಖ್ಯೆಗೂ ಸಂಬಂಧವೇ ಕಾಣಲಿಲ್ಲ. ಹೆಚ್ಚಿನವರಲ್ಲಿ ಈ ಸಂಖ್ಯೆ ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆಯಲ್ಲೇ ಇರುತ್ತದೆ ಅಂತಲೂ ಅದರಲ್ಲಿತ್ತು. ಬೆಸ ಇರಲೇಬಾರದು ಅಂತಿಲ್ಲ, ಆದರೂ ನನ್ನ "ಮೂರು" ಎಷ್ಟು ನಿಜವೋ! ಅಲ್ಲದೆ ಪಿಷ್ಟ ಒಡೆಯುವ ಕೆಲಸ ಬಾಯಲ್ಲೇ ಮುಗಿಯುವುದಿಲ್ಲ. ಬಹುಪಾಲು ಕೆಲಸ ಮಾಡುವುದು ಮೇದೋಜೀರಕ ಗ್ರಂಥಿಯ ಅಮೈಲೇಸ್, ಅದಕ್ಕೆ ಬೇರೆಯೇ ಜೀನ್ ಇದೆ.

ಜೀನ್‌ಗೂ ತೂಕಕ್ಕೂ ನಂಟೇ ಇಲ್ಲ ಅನ್ನುತ್ತಿಲ್ಲ. ಎಫ್‌ಟಿಓ ಅನ್ನೋ ಇನ್ನೊಂದು ಜೀನ್ ಇದೆ, ಅದರ ಒಂದು ರೂಪ ಅಪ್ಪ-ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ ಮೂರು ಕೆಜಿ ಜಾಸ್ತಿ ತೂಗುತ್ತಾರೆ ಅಂತ 2007ರಲ್ಲೇ ಕಂಡಿತ್ತು. ಮೂರೇ ಕೆಜಿ. ನಾನು ಕಡಲೆಕಾಯಿ ತಿಂದೇ ಅದಕ್ಕಿಂತ ಜಾಸ್ತಿ ಏರಿಸಿಕೊಂಡೆ.

ಹಾಗಾಗಿ "ಅನ್ನ ಬಿಡಲಾ" ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಆ ರಿಪೋರ್ಟ್ ಪಕ್ಕಕ್ಕಿಡಿ. ಸಕ್ಕರೆ, ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ? ದಿನಕ್ಕೆ ಎಷ್ಟು ಅನ್ನ, ಎಷ್ಟು ಎಣ್ಣೆ, ಕಾಫಿಗೆ ಎಷ್ಟು ಚಮಚ ಸಕ್ಕರೆ? ನಿಮ್ಮ ಪ್ರಶ್ನೆಯಲ್ಲಿ ಇದ್ಯಾವುದೂ ಇಲ್ಲ.