ಹೆರಿಗೆಯ ನಂತರ ಮೂತ್ರ ಸೋರಿಕೆ: ಡೊಂಬಿವಲಿಯ ಒಂದು ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಧಾರವಾಡದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿರುವ ಕುಟುಂಬದ ಸೊಸೆ. ಕಚೇರಿ ಮುಂಬಯಿಯ ಫೋರ್ಟ್‌ನಲ್ಲಿ. ಮೊದಲ ಹೆರಿಗೆ ಸಹಜವಾಗಿಯೇ ಆಗಿತ್ತು. 26 ವಾರಗಳ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ, ಸಣ್ಣಪುಟ್ಟದ್ದಕ್ಕೂ ಸಿಟ್ಟು ಬರುತ್ತದೆ, ಗಂಡ ಹತ್ತಿರ ಬಂದರೂ ಬೇಡವೆನಿಸುತ್ತದೆ ಎಂದು ಹೇಳಿಕೊಂಡು ನನ್ನಲ್ಲಿಗೆ ಬಂದಿದ್ದರು.

ಹೆರಿಗೆಯ ನಂತರದ ಖಿನ್ನತೆ ಇರಬಹುದೇ ಎಂದು ತಿಳಿಯಲು ಎಡಿನ್‌ಬರೊ ಪ್ರಶ್ನಾವಳಿಯ 10 ಪ್ರಶ್ನೆಗಳಿಗೆ ಉತ್ತರ ಬರೆಸಿದೆ. ಅಂಕ 13ಕ್ಕಿಂತ ಕಡಿಮೆ ಬಂತು, ಅಂದರೆ ಖಿನ್ನತೆಯ ಸಾಧ್ಯತೆ ಕಡಿಮೆ. ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯೂ ಇರಲಿಲ್ಲ. ಆದರೆ ತುಟಿ ಒಣಗಿ ಸಿಪ್ಪೆ ಎದ್ದಿದ್ದರೂ ಮುಂದಿಟ್ಟ ನೀರನ್ನು ಆಕೆ ಮುಟ್ಟಲಿಲ್ಲ. ಕಾರಣ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಸೀನಿದರೆ, ಕೆಮ್ಮಿದರೆ, ಸ್ಟೇಷನ್ನಿನ ಮೇಲ್ಸೇತುವೆಯನ್ನು ಬೇಗಬೇಗ ಹತ್ತಿದರೆ ಮೂತ್ರ ಸೋರುತ್ತದೆ ಎಂದರು. ಟಿಫಿನ್ ಡಬ್ಬಿಯ ಕೆಳಗೆ ಮಡಚಿಟ್ಟ ಇನ್ನೊಂದು ಸಲ್ವಾರ್ ಸದಾ ಚೀಲದಲ್ಲಿರುತ್ತದೆ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕರೂ, ಏಳುವಾಗ ಒದ್ದೆ ಕಂಡೀತೆಂಬ ಭಯದಿಂದ ಕೂರುವುದಿಲ್ಲ.

ನೀರಿಗೆ ಕಡಿವಾಣ ಬಾಣಂತನದಲ್ಲೇ ಬಿದ್ದಿತ್ತು. "ಬಾಣಂತಿ ಭಾಳ ನೀರು ಕುಡದ್ರ ಹೊಟ್ಟಿ ಬರತೈತಿ" ಎಂಬುದು ಅತ್ತೆಯವರ ಮಾತು. ಹೊಟ್ಟೆ ಇಳಿಯಲೆಂದು ಫೋನಿನ ವಿಡಿಯೊ ನೋಡಿ, ಬಿಗಿಯಾದ ಬೆಲ್ಟ್ ಕಟ್ಟಿಕೊಂಡು, ಮಲಗಿ ತಲೆ-ಭುಜ ಮೇಲೆತ್ತುವ ಕ್ರಂಚಸ್ ವ್ಯಾಯಾಮ ಬೇರೆ ಮಾಡುತ್ತಿದ್ದರು. ನೀರಿಲ್ಲದೆ ಮಲಬದ್ಧತೆ, ಅದಕ್ಕೆ ತಿಣುಕುವುದು, ಮೇಲೆ ಈ ವ್ಯಾಯಾಮ: ಮೂರರ ಒತ್ತಡವೂ ಬೀಳುತ್ತಿದ್ದುದು ಹೆರಿಗೆಯಲ್ಲಿ ಹಿಗ್ಗಿ ಸಡಿಲಗೊಂಡ ಸ್ನಾಯುಗಳ ಮೇಲೆಯೇ. ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿಯನ್ನು ಕೆಳಗಿನಿಂದ ಆತುಕೊಂಡಿರುವ ಇವನ್ನು ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ.

ಈ ತೊಂದರೆ ಬಾಣಂತಿಯರಲ್ಲಿ ಸಾಮಾನ್ಯ. ಹಾಗೆಂದು ಸಹಿಸಿಕೊಂಡಿರಬೇಕಾದದ್ದಲ್ಲ ಎಂಬುದನ್ನು ಮೊದಲು ಹೇಳಿದೆ. ಮೂತ್ರದ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ತ್ರೀರೋಗ ತಜ್ಞರಲ್ಲಿಗೂ, ಆಮೇಲೆ ಈ ಸ್ನಾಯುಗಳ ಚಿಕಿತ್ಸೆ ಬಲ್ಲ ಫಿಸಿಯೋಥೆರಪಿಸ್ಟ್ ಬಳಿಗೂ ಕಳುಹಿಸಿದೆ. ಸೋಂಕು ಇರಲಿಲ್ಲ. ಫಿಸಿಯೋಥೆರಪಿಸ್ಟ್ ಕ್ರಂಚಸ್ ಮತ್ತು ಬೆಲ್ಟನ್ನು ಬಿಡಿಸಿ, ಹಿಂದಿನಿಂದ ಗಾಳಿ ಹೋಗದಂತೆ ತಡೆಹಿಡಿಯುವಾಗ ಹೇಗೋ ಹಾಗೆ, ಉಸಿರು ಕಟ್ಟದೆ, ಒಳಗಿನ ಸ್ನಾಯುವನ್ನು ಮೇಲಕ್ಕೆಳೆದು ಸಡಿಲಿಸುವುದನ್ನು ಕಲಿಸಿದರು. ಒಂದು ಸಲಕ್ಕೆ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು. ಸೀನು ಬರುವ ಮುನ್ನವೂ ಹೀಗೆಯೇ ಬಿಗಿಹಿಡಿಯಬೇಕು. ಮೂತ್ರ ಮಾಡುತ್ತಿರುವಾಗ ನಡುವೆ ತಡೆಯುವುದನ್ನು ಅಭ್ಯಾಸವಾಗಿ ಮಾಡಬಾರದು.

ಹಾಲೂಡಿಸುವ ತಾಯಿ ಬಾಯಾರಿದಷ್ಟೂ ನೀರು ಕುಡಿಯಬೇಕು. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ ಎಂದು ಬಿಡಿಸಿ ಹೇಳಿದೆ. ಗಂಡನನ್ನು ದೂರವಿಟ್ಟದ್ದಕ್ಕೆ ಒದ್ದೆಯ ನಾಚಿಕೆಯಷ್ಟೇ ಅಲ್ಲ, ನೋವೂ ಕಾರಣವಾಗಿತ್ತು. ಹಾಲೂಡಿಸುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದು ಯೋನಿ ಒಣಗುವುದು ಸಹಜ, ಅದಕ್ಕೆ ಪರಿಹಾರವಿದೆ ಎಂಬುದನ್ನು ಮುಂದಿನ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ ತಿಳಿಸಿದೆ. ತನ್ನ ಮೇಲಿನ ಬೇಸರವೇ ಇದಕ್ಕೆ ಕಾರಣವೆಂದು ಆತ ತಿಳಿದಿದ್ದರು. ಇಂಥ ಮೌನ ಎಷ್ಟು ಸಂಸಾರಗಳನ್ನು ಕಹಿಯಾಗಿಸುತ್ತದೆಂದು ನೋಡುತ್ತಲೇ ಇರುವುದರಿಂದ, ಗಂಡಂದಿರನ್ನು ಕರೆಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಅತ್ತೆಯವರನ್ನೂ ಕರೆಸಿದೆ. ಅವರು ಕಟ್ಟಿಕೊಟ್ಟ ಅಂಟಿನುಂಡಿ, ಎಣ್ಣೆನೀರು, ಮಗುವಿನ ಆರೈಕೆ ಎಲ್ಲವೂ ಸೊಸೆಗೆ ದೊಡ್ಡ ಆಸರೆಯಾಗಿದ್ದವು, ಅದನ್ನು ಮೊದಲು ಹೇಳಿ ನೀರಿನ ವಿಷಯಕ್ಕೆ ಬಂದೆ. ಕೇಳಿಸಿಕೊಂಡವರು ಸೊಸೆಯ ಕಡೆ ತಿರುಗಿ, "ನನಗೂ ಹಿಂಗ ಆಗತೈತಿ ಯವ್ವಾ, ಎರಡನೇ ಬಾಣಂತನದಿಂದ. ಯಾರ ಮುಂದ ಹೇಳ್ಲಿ?" ಎಂದರು.

ಮೂರು ತಿಂಗಳ ಹೊತ್ತಿಗೆ ಸೀನಿದಾಗಿನ ಸೋರಿಕೆ ಬಹುಪಾಲು ನಿಂತಿತ್ತು. ರೈಲು ಹಿಡಿಯಲು ಓಡಿದರೆ ಈಗಲೂ ಅಷ್ಟಿಷ್ಟು ಆಗುತ್ತದೆ, ಹಾಗಾಗಿ ವ್ಯಾಯಾಮ ಮುಂದುವರಿದಿದೆ. ಅತ್ತೆಯವರಿಗೆ ಗರ್ಭಕೋಶ ಜಾರಿದೆಯೇ ಎಂದು ನೋಡಿಸಬೇಕಾದ್ದರಿಂದ ಅವರನ್ನೂ ಅದೇ ವೈದ್ಯರಲ್ಲಿಗೆ ಕಳುಹಿಸಿದ್ದೇನೆ.