ಉದ್ದ 40 ಅಂದರೆ ಏನು 40?

ಪ್ರಶ್ನೆ: ಎಣ್ಮಕಜೆ, ಪೈವಳಿಕೆ, ಬದಿಯಡ್ಕ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳ ಮೇಲೆ ಪಿಎಚ್.ಡಿ. ಮಾಡಿದ್ದೇನೆ. ಥೀಸಿಸ್ ಕೊಟ್ಟಾಯಿತು. ಈಗ ವಿಶ್ವವಿದ್ಯಾಲಯದ ಲೈಬ್ರರಿಯ ಡೇಟಾ ಕ್ಯುರೇಟರ್ ನನ್ನ ಎಕ್ಸೆಲ್ ಫೈಲನ್ನು ಎರಡು ಪುಟ ಪ್ರಶ್ನೆ ಬರೆದು ವಾಪಸ್ ಕಳಿಸಿದ್ದಾರೆ. ಸುಮ್ನೆ ಫೈಲ್ ಇಟ್ಟುಕೊಂಡರೆ ಸಾಲದಾ? ಇವರ ಕೆಲಸವಾದರೂ ಏನು? ಎರಡನ್ನೂ ಕಳಿಸಿದ್ದೇನೆ, ನೋಡಿ.
– ಓದುಗರೊಬ್ಬರು, ಪೆರ್ಲ

ಉತ್ತರ: ನೋಡಿದೆ. ನಾನೂ ಇದೇ ಕೆಲಸ ಮಾಡುವವಳು. ಆ ಎರಡು ಪುಟ ಪ್ರಶ್ನೆಗಳೇ ಅವರ ಕೆಲಸ.

ನಿಮ್ಮ ಫೈಲಿನಲ್ಲಿ ಒಂದು ಕಡೆ 'ಉದ್ದ 40' ಎಂದಿದೆ. 40 ಕೋಲಾ, ಅಡಿಯಾ, ಮೀಟರಾ? ಕೋಲು ಆದರೆ ನೀವು ಹಿಡಿದ ಕೋಲು ಎಷ್ಟು ಅಡಿ? ಇವತ್ತು ನಿಮಗೆ ನೆನಪಿದೆ. ಇಪ್ಪತ್ತು ವರ್ಷ ಬಿಟ್ಟು ಇನ್ನೊಬ್ಬಳು ಹುಡುಗಿ ಅದೇ ಗುಡ್ಡ ಹತ್ತಿ, ಅದೇ ಸುರಂಗದಲ್ಲಿ ನೀರು ಕಡಿಮೆಯಾಗಿದೆಯಾ ಅಂತ ನೋಡಲು ಹೊರಟರೆ ಅವಳು ಯಾರನ್ನು ಕೇಳಬೇಕು? ಕೆಲವು ಸಾಲುಗಳಲ್ಲಿ ಸರ್ವೆ ನಂಬರ್ ಇರಬೇಕಾದ ಜಾಗದಲ್ಲಿ '12-ಮಾರ್ಚ್' ಎಂದಿದೆ. ನೀವು 12/3 ಟೈಪ್ ಮಾಡಿದ್ದೀರಿ, ಎಕ್ಸೆಲ್ ಅದನ್ನು ತಾರೀಕು ಮಾಡಿದೆ. ಇದು ನಿಮ್ಮೊಬ್ಬರ ತಪ್ಪಲ್ಲ, ಇದೇ ಕಾಟಕ್ಕೆ 2020ರಲ್ಲಿ ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿ, ನೋಟ್‌ಬುಕ್ ನೋಡಿ ಮತ್ತೆ ತುಂಬಿ.

ಊರಿನ ಹೆಸರಿನದು ನಮ್ಮ ಕಾಸರಗೋಡಿನ ದೊಡ್ಡ ಕಷ್ಟ. ಬದಿಯಡ್ಕ ಒಂದು ಕಡೆ ಬದಿಯಡ್ಕ, ಇನ್ನೊಂದು ಕಡೆ ಮಲಯಾಳಂ ದಾಖಲೆಯ ಬದಿಯಡುಕ್ಕ. ಕಂಪ್ಯೂಟರಿಗೆ ಅದು ಎರಡು ಊರು. ಜಿಲ್ಲೆ ಆಗಿದ್ದೇ 1984ರಲ್ಲಿ. ಅದಕ್ಕೂ ಮೊದಲು ಕಣ್ಣೂರು, 1956ಕ್ಕೆ ಮೊದಲು ದಕ್ಷಿಣ ಕನ್ನಡ. ಹಳೆಯ ದಾಖಲೆಯಿಂದ ತೆಗೆದ ಸಾಲುಗಳಲ್ಲಿ ಇದನ್ನು ಬರೆದಿಡಿ.

ಹಿರಿಯರ ಮಾತುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಫಾಂಟ್ ಇಲ್ಲದ ಕಡೆ ಅದು ಬರೀ ಚಿತ್ರವಿಚಿತ್ರ ಗುರುತು. ಯೂನಿಕೋಡಿಗೆ ಬದಲಿಸಿ, ಆಮೇಲೆ ಒಂದೊಂದು ಒತ್ತಕ್ಷರವನ್ನೂ ನೀವೇ ಓದಿ ನೋಡಿ. ನಿಮ್ಮ ಕ್ಯುರೇಟರ್‌ಗೆ ಕನ್ನಡ ಬಾರದೇ ಇರಬಹುದು, ಅಲ್ವಾ?

ನನಗೆ ಜಾಸ್ತಿ ಚಿಂತೆಯಾದದ್ದು ಬೇರೆ. ಮನೆಯವರ ಹೆಸರು, ಫೋನ್ ನಂಬರ್, ಜಿಪಿಎಸ್ ಎಲ್ಲ ಒಂದೇ ಸಾಲಿನಲ್ಲಿದೆ. ಅವರು ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟು ನಿಮ್ಮನ್ನು ನಂಬಿ ಮಾತಾಡಿದವರು. ಎಲ್ಲರಿಗೂ ಸಿಗುವ ಫೈಲಿನಿಂದ ಹೆಸರು, ನಂಬರ್ ತೆಗೆಯಿರಿ. ಮನೆ ಗುರುತು ಸಿಗದ ಹಾಗೆ ಜಿಪಿಎಸ್ ಅಂಕಿಯನ್ನೂ ಬರೀ ಅಂದಾಜಿಗೆ ಇಳಿಸಿ. ಪೂರ್ತಿ ಫೈಲ್ ಬೀಗದೊಳಗೆ ಇರಲಿ.

ಇಷ್ಟಾದ ಮೇಲೆ ಅವರು ಫೈಲಿಗೆ ಡಿಒಐ ಎಂಬ ಕಾಯಂ ನಂಬರ್ ಕೊಡಿಸುತ್ತಾರೆ. ವೆಬ್ ವಿಳಾಸ ಬದಲಾದರೂ ಆ ನಂಬರಿನಿಂದ ಹುಡುಕಬಹುದು, ಬಳಸಿದವರು ನಿಮ್ಮ ಹೆಸರು ಹೇಳಬಹುದು.

ಇನ್ನೊಂದು. ಸುರಂಗ ಕೊರೆದ ಅಜ್ಜಂದಿರ ಧ್ವನಿ ನಿಮ್ಮ ಫೋನಿನಲ್ಲಿ ಮಾತ್ರ ಇದೆ ಎಂದು ಬರೆದಿದ್ದೀರಿ. ಪ್ರಶ್ನೆಗಳಿಗೆ ಉತ್ತರ ನಾಳೆ ಬರೆಯಿರಿ. ಅದನ್ನು ಇವತ್ತೇ ಎರಡು ಕಡೆ ಕಾಪಿ ಮಾಡಿ.